ಯನಕ ಗ್ರಾಮದ ಅಳಿವು: ಒಂದು ಕೃತಿವಿಮರ್ಶೆ

ಜಪಾನಿನ ಸಮಾಜವಾದಿ ಲೇಖಕರಾದ ಅರಹಾತಾ ಕಾನ್ಸನ್ ಅವರು ‘ಯನಕ ಗ್ರಾಮದ ಅಳಿವಿನ ಇತಿಹಾಸ’ ಎಂಬರ್ಥದ ಹೆಸರಿನ ಕೃತಿಯನ್ನು 1907ರಲ್ಲಿ ಪ್ರಕಟಿಸಿದಾಗ ಅವರಿಗೆ ಇಪ್ಪತ್ತು ವರ್ಷ ಪ್ರಾಯ. ಸರ್ಕಾರ ಅದನ್ನು ಕೂಡಲೇ ನಿಷೇಧಿಸಿತು. ಗಣಿಯ ಲೋಹವಿಷದಿಂದ ಒಂದು ನದಿಯೂ, ಆ ನದಿಗಾಗಿ ಯೋಜಿಸಿದ ಜಲಾಶಯದಿಂದ ಒಂದು ಗ್ರಾಮವೂ ಹಾಳಾದ ವೃತ್ತಾಂತವೇ ಅದರ ವಸ್ತು. ಈ ಕೃತಿಯನ್ನು ಇತಿಹಾಸವೆಂದು ಎಷ್ಟರ ಮಟ್ಟಿಗೆ ಅಂಗೀಕರಿಸಬಹುದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ಸಂಗತಿಗಳು. ಆಶಿಯೊ ತಾಮ್ರದ ಗಣಿಯನ್ನು ಫುರುಕಾವಾ ಇಚಿಬೆ ಎಂಬ ಉದ್ಯಮಿ 1877ರಲ್ಲಿ ಕೊಂಡು ವಿಸ್ತರಿಸಿದನು. 1880ರ ದಶಕದಲ್ಲಿಯೇ ಅದರ ಕೆಳಗಣ ವತರಾಸೆ ನದಿಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತವು. ನೀರಿನಲ್ಲಿ ಕರಗಿದ ತಾಮ್ರ ಮೀನಿನ ಕಿವಿರುಗಳನ್ನು ಕೆಡಿಸಿ, ದೇಹದ ಲವಣಗಳ ಸಮತೋಲವನ್ನು ತಪ್ಪಿಸುತ್ತದೆ. 1890 ಮತ್ತು 1896ರ ಪ್ರವಾಹಗಳು ವಿಷದ ಕೆಸರನ್ನು ಗದ್ದೆಗಳ ಮೇಲೆ ಹರಡಿದವು. 1891ರಿಂದ ಪಾರ್ಲಿಮೆಂಟಿನಲ್ಲಿ ಈ ಪ್ರಶ್ನೆಯನ್ನೆತ್ತಿದ ತನಾಕಾ ಶೋಜೋ ಅವರು 1901ರಲ್ಲಿ ಚಕ್ರವರ್ತಿಗೇ ನೇರವಾಗಿ ಮನವಿ ಸಲ್ಲಿಸಲು ಯತ್ನಿಸಿದರು. ಗಣಿಯೇನೂ ನಿಲ್ಲಲಿಲ್ಲ. ಬದಲಾಗಿ, ನದಿಯ ಕೆಳಪಾತ್ರದ ಯನಕ ಗ್ರಾಮವನ್ನು ನೆರೆಯ ನೀರು ನಿಲ್ಲಿಸುವ ಜಲಾಶಯವಾಗಿಸಲು ನಿಶ್ಚಯಿಸಲಾಯಿತು. ತೆರಳಲೊಪ್ಪದೆ ಉಳಿದಿದ್ದ ಹದಿನಾರು ಮನೆಗಳನ್ನು 1907ರ ಜೂನ್–ಜುಲೈ ತಿಂಗಳುಗಳಲ್ಲಿ ಬಲಾತ್ಕಾರದಿಂದ ಕೆಡವಿದರು.

ಕೆಲವೇ ವಾರಗಳಲ್ಲಿ ಹೊರಬಂದ ಈ ಕೃತಿಯಲ್ಲಿ ಆವೇಶವಿರುವುದು ಸಹಜ. ಆದರೆ ಆವೇಶದ ನಡುವೆಯೂ ಕಾನ್ಸನ್ ಒಂದು ಮುಖ್ಯ ಸತ್ಯವನ್ನು ಕಂಡರು. ವಿಷದ ಪ್ರಶ್ನೆಯನ್ನು ನೆರೆಯ ಪ್ರಶ್ನೆಯಾಗಿ ಮಾರ್ಪಡಿಸಿ, ಗಣಿಯ ಹೊಣೆಯನ್ನು ಮರೆಸಲಾಯಿತೆಂಬುದೇ ಆ ಸತ್ಯ. ಮುಂದಿನ ಇತಿಹಾಸಕಾರರು ಅನೇಕರು ಇದೇ ನಿರ್ಣಯಕ್ಕೆ ಬಂದಿದ್ದಾರೆ.

ಕೃತಿಯ ದೌರ್ಬಲ್ಯವೂ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಅದರ ಭಾರವೆಲ್ಲವೂ ಬಂಡವಾಳಗಾರರ ಮತ್ತು ಅಧಿಕಾರಿಗಳ ದುರುದ್ದೇಶದ ಮೇಲೆ ಬಿದ್ದಿದೆ. ಆದರೆ ನೆರೆ ಕೇವಲ ನೆಪವಾಗಿರಲಿಲ್ಲ. ಗಣಿಗಾಗಿ ಕಾಡನ್ನು ಕಡಿದರು. ಕುಲುಮೆಯ ಗಂಧಕದ ಹೊಗೆ ಉಳಿದ ಗಿಡಮರಗಳನ್ನು ಒಣಗಿಸಿತು. ಬೋಳಾದ ಬೆಟ್ಟಗಳ ಮಣ್ಣು ಜಾರಿ ನದಿಯ ತಳ ಮೇಲೇರಿತು. ನೆರೆಯೂ ವಿಷವೂ ಒಂದೇ ಗಣಿಯ ಎರಡು ಫಲಗಳು. ಈ ಕಾರಣಸರಣಿಯನ್ನು ಕೇಂದ್ರದಲ್ಲಿಟ್ಟಿದ್ದರೆ, ಗಣಿಯು ತಾನೇ ಹೆಚ್ಚಿಸಿದ ನೆರೆಯ ಬೆಲೆಯನ್ನು ಒಂದು ಗ್ರಾಮದಿಂದ ತೆರಿಸಿತೆಂದು ಸಿದ್ಧಪಡುತ್ತಿತ್ತು. ವಂಚನೆಯ ಆರೋಪಕ್ಕಿಂತ ಇದು ಗುರುತರವಾದುದು. ಲೇಖಕರ ಕೋಪವೇ ಅವರ ಆರೋಪವನ್ನು ಹಗುರಗೊಳಿಸಿದೆ.

ಇನ್ನು ‘ಅಳಿವು’ ಎಂಬ ಮಾತು. ಗ್ರಾಮ ಅಳಿಯಿತು, ಲೋಹ ಅಳಿಯಲಿಲ್ಲ. ತಾಮ್ರ, ಸೀಸಗಳು ಕೊಳೆತು ನಾಶವಾಗುವ ವಸ್ತುಗಳಲ್ಲ. ಅವು ಕೆಸರಿನಲ್ಲಿ ತಂಗಿ, ನೀರಿನ ಗುಣ ಬದಲಾದಾಗ ಮತ್ತೆ ಕರಗಬಲ್ಲವು. 1958ರಲ್ಲಿ ಆಶಿಯೊದ ಗಣಿತ್ಯಾಜ್ಯದ ರಾಶಿಯೊಂದು ಕುಸಿದು ಗದ್ದೆಗಳು ಪುನಃ ಕೆಟ್ಟವು. ಗಣಿ 1973ರಲ್ಲಿ ಮುಚ್ಚಿತು. ಆದರೂ 2011ರ ಭೂಕಂಪದಲ್ಲಿ ಅದೇ ರಾಶಿ ಮತ್ತೆ ಜಾರಿದಾಗ ನದಿಯ ನೀರಿನಲ್ಲಿ ಸೀಸವು ಮಿತಿಯನ್ನು ಮೀರಿತು. ಇಂದು ಯನಕದ ನೆಲದಲ್ಲಿ ಅದೇ ಹೆಸರಿನ ಸರೋವರವಿದೆ. ಜೊಂಡಿನ ಆ ಜೌಗುನೆಲ 2012ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ದಡದಲ್ಲಿ ನಿಂತವನಿಗೆ ಕೆಳಗಿನ ಕೆಸರಿನ ಚರಿತ್ರೆ ಕಾಣಿಸದು.

1907ರ ಲೇಖಕರು ಇದನ್ನೆಲ್ಲ ಅರಿತಿರಬೇಕಾಗಿತ್ತೆಂದು ನಾವು ಹೇಳುವುದಿಲ್ಲ. ಆದರೆ ಇಂದಿನ ವಿದ್ಯಾರ್ಥಿಯು ಕೊನೆಯ ಮನೆ ಉರುಳಿದಲ್ಲಿಗೆ ಈ ಇತಿಹಾಸ ಮುಗಿಯಿತೆಂದು ಭಾವಿಸಿದರೆ, ಗಣಿಯ ಹೊಣೆಯೂ ಅಲ್ಲಿಗೇ ಮುಗಿದಂತಾಗುತ್ತದೆ. ಕಾನ್ಸನ್ ಅವರ ಕೃತಿ ಸಂಪೂರ್ಣ ಇತಿಹಾಸವಲ್ಲ. ಇತಿಹಾಸಕ್ಕೆ ಅನಿವಾರ್ಯವಾದ ಸಾಕ್ಷ್ಯ. ಅದನ್ನು ಓದುವಾಗ ಸರ್ಕಾರದ ಕಡತಗಳೊಡನೆ ಸತ್ತ ಮೀನನ್ನೂ ತಳದ ಕೆಸರನ್ನೂ ಆಧಾರಗಳ ಸಾಲಿಗೆ ಸೇರಿಸಿಕೊಳ್ಳುವುದು ಯುಕ್ತ.