ಕಳೆದುಹೋದ ಭಾನುವಾರ

ಗ್ಲೋಬಿನ ಮೇಲೆ ದಾರ ಎಳೆದು ನೋಡುವುದು ನನ್ನ ಹಳೆಯ ಚಟ. ಮೊನ್ನೆ ಪಕ್ಕದ ಮನೆಯವರು, ‘ಮಗಳ ಮನೆಗೆ ಹೊರಟಿದ್ದೀನಿ, ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಹಾರಿದರೆ ಎಷ್ಟು ಗಂಟೆ?’ ಅಂತ ಕೇಳಿದಾಗ ದಾರವೇ ಕೈಗೆ ಬಂತು.

ಗೋಡೆಯ ನಕಾಶೆ ನಂಬಿದರೆ ದಾರಿ ಯೂರೋಪು, ಅಟ್ಲಾಂಟಿಕ್ ಮೇಲೆ ಹೋಗಬೇಕು. ಗ್ಲೋಬಿನ ದಾರ ಆ ಮಾತು ಕೇಳುವುದಿಲ್ಲ. ಬಿಗಿಯಾಗಿ ಎಳೆದರೆ ಟಿಬೆಟ್, ಸೈಬೀರಿಯಾ ಹಾಯ್ದು, 71 ಡಿಗ್ರಿ ಉತ್ತರ ಅಕ್ಷಾಂಶ ಮುಟ್ಟಿ, ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಒಟ್ಟು ಸುಮಾರು 14,000 ಕಿ.ಮೀ. ಉತ್ತರ ಧ್ರುವದ ನೆತ್ತಿಯನ್ನೇ ದಾಟಿ ಹೋದರೂ ಹೆಚ್ಚಾಗುವುದು ನಾನೂರು ಕಿ.ಮೀ.ಗೂ ಕಡಿಮೆ. ಅರ್ಧ ಗಂಟೆಯ ಮಾತು, ಅಷ್ಟೇ.

ಆದರೆ ವಿಮಾನ ದಾರದ ಮೇಲೆ ಹಾರುವುದಿಲ್ಲ, ಗಾಳಿಯಲ್ಲಿ ಹಾರುತ್ತದೆ. ಪೆಸಿಫಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ಮೀರುವುದುಂಟು. ಹೋಗುವಾಗ ಅದನ್ನು ಬೆನ್ನಿಗೆ ಹಾಕಿಕೊಂಡರೆ ದಾರಿ ಉದ್ದವಾದರೂ ಗಡಿಯಾರ ಗೆಲ್ಲುತ್ತದೆ. ಬರುವಾಗ ಅದೇ ಗಾಳಿ ಎದೆಗೆ ಒದೆಯುತ್ತದೆ. ಆಗ ಧ್ರುವದ ಕಡೆ ಸರಿದು ತಪ್ಪಿಸಿಕೊಳ್ಳುವುದೇ ಜಾಣತನ. ಟಿಬೆಟ್ಟಿನ ತಾಪತ್ರಯ ಬೇರೆ. ಕ್ಯಾಬಿನ್ನಿನ ಒತ್ತಡ ತಪ್ಪಿದರೆ ವಿಮಾನ ಹತ್ತು ಸಾವಿರ ಅಡಿಗೆ ಇಳಿಯಬೇಕು, ಅಲ್ಲಿ ನೆಲವೇ ಅದಕ್ಕಿಂತ ಎತ್ತರ!

2021ರ ಜನವರಿ 9, ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ಬೋಯಿಂಗ್ 777 ಹಾರಿದ್ದು ಇಂಥ ಧ್ರುವದ ದಾರಿಯಲ್ಲೇ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್ಟಿನಲ್ಲಿದ್ದವರೆಲ್ಲ ಮಹಿಳೆಯರು. ‘ಮಹಿಳೆಯರೇ’ ಅಂತ ಸುದ್ದಿಯವರು ಬೆರಗಾದರು. ನನಗೆ ಬೆರಗಾದದ್ದು ಅವರು ಕಣ್ಣಿಟ್ಟಿರಬೇಕಾದ ಒಂದು ಅಂಕಿ. ಅಲ್ಲಿನ ಶೀತಕ್ಕೆ ರೆಕ್ಕೆಯೊಳಗಿನ ಇಂಧನ ನಿಧಾನವಾಗಿ ತಣ್ಣಗಾಗುತ್ತಾ ಹೋಗುತ್ತದೆ. ಜೆಟ್ ಎ-1 ಎಂಬ ಬಗೆಯ ಇಂಧನವಾದರೆ ಮೈನಸ್ 47 ಡಿಗ್ರಿಯವರೆಗೆ ತಡೆದುಕೊಂಡೀತು, ಅಮೆರಿಕದಲ್ಲಿ ತುಂಬಿಸುವ ಜೆಟ್ ಎ ಮೈನಸ್ 40ಕ್ಕೇ ಹೆಪ್ಪುಗಟ್ಟಲು ಶುರು. ಹತ್ತಿರ ಬಂತೋ, ಕೆಳಗಿಳಿದು ಬೆಚ್ಚನೆಯ ಗಾಳಿ ಹುಡುಕಬೇಕು, ಇಲ್ಲವೇ ವೇಗ ಹೆಚ್ಚಿಸಿ ಗಾಳಿಯ ಉಜ್ಜಾಟದಿಂದಲೇ ರೆಕ್ಕೆ ಕಾಯಿಸಬೇಕು. ನೂರು ಟನ್ನಿಗೂ ಮೀರಿ ಸುಡುವ ಎಣ್ಣೆಗೆ ನೆಗಡಿಯಾಗದಂತೆ ನೋಡಿಕೊಳ್ಳುವ ಕೆಲಸ!

ಹದಿನೇಳು ಗಂಟೆಗೂ ಹೆಚ್ಚು ಹಾರಿ ಅವರು ಬೆಂಗಳೂರಿನಲ್ಲಿ ಇಳಿದದ್ದು ಸೋಮವಾರ ಬೆಳಗಿನ ಜಾವ. ಪ್ರಯಾಣಿಕರ ಭಾನುವಾರ ಮೋಡದ ಮೇಲೆಯೇ ಕಳೆದುಹೋಯಿತು. ಅದೇ ಸೋಮವಾರ ಮಧ್ಯಾಹ್ನ ಎರಡೂವರೆಗೆ ಬೆಂಗಳೂರು ಬಿಡಬೇಕಿದ್ದ ವಿಮಾನ, ವೇಳಾಪಟ್ಟಿಯ ಪ್ರಕಾರ, ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಬೇಕಿದ್ದದ್ದು ಸೋಮವಾರವೇ, ಸಂಜೆ ಐದಕ್ಕೆ. ಚಳಿಗಾಲದಲ್ಲಿ ಎರಡೂ ಊರಿನ ನಡುವೆ ಹದಿಮೂರೂವರೆ ಗಂಟೆ ಅಂತರ. ಹದಿನಾರು ಗಂಟೆ ಕೂತೆದ್ದರೂ ಗಡಿಯಾರ ಓಡಿದ್ದು ಎರಡೂವರೆ ಗಂಟೆ.

ಇಷ್ಟೆಲ್ಲ ಕೇಳಿಸಿಕೊಂಡ ನೆರೆಮನೆಯವರು ಚಟ್ನಿಪುಡಿಯ ಡಬ್ಬಿ ಕಟ್ಟುತ್ತಲೇ, ‘ಹಾಗಾದರೆ ಸೋಮವಾರ ರಾತ್ರಿ ಎರಡು ಸಲ ಬರುತ್ತೆ. ಬಿಪಿ ಮಾತ್ರೆ ಒಂದೋ, ಎರಡೋ?’ ಅಂದರು. ದಾರ ಸುತ್ತಿಟ್ಟು, ಡಾಕ್ಟರನ್ನು ಕೇಳಿ ಅಂದೆ.