ಸಭಾಪಾಲಕರ ಸ್ಮರಣೆ: ದಾಖಲೆ, ಜೀವನಚರಿತ್ರೆ ಮತ್ತು ಶಿಷ್ಯನ ನೆನಪು

'ಪ್ರೆಸ್ಬಿಟೇರಿಯನ್' ಎಂಬ ಹೆಸರಿನ ಮೂಲದಲ್ಲಿರುವುದು 'ಹಿರಿಯ' ಎಂಬ ಅರ್ಥವುಳ್ಳ ಗ್ರೀಕ್ ಪದ. ಸ್ಕಾಟ್ಲೆಂಡಿನಲ್ಲಿ 1560ರ ಮತಸುಧಾರಣೆಯಿಂದ ಮೊದಲಾಗಿ ಅನೇಕ ಸಂಘರ್ಷಗಳನ್ನು ಹಾದು, 1690ರಲ್ಲಿ ರಾಷ್ಟ್ರೀಯ ಸಭೆಯ ಪದ್ಧತಿಯಾಗಿ ನೆಲೆಗೊಂಡ ಈ ವ್ಯವಸ್ಥೆಯಲ್ಲಿ ಬಿಷಪ್ಪನಿಗೆ ಸ್ಥಾನವಿಲ್ಲ. ಸಭಾಪಾಲಕರೂ ಹಿರಿಯರೂ ಒಟ್ಟಿಗೆ ಕುಳಿತು ನಿರ್ಣಯಿಸುವ ಮಂಡಲಿಗಳ ಮೂಲಕವೇ ಇಲ್ಲಿನ ಆಡಳಿತ ನಡೆಯುತ್ತದೆ. ಸಭಾಪಾಲಕರೆಲ್ಲರೂ ಪದವಿಯಲ್ಲಿ ಸಮಾನರು. ಮಹಾಸಭೆಯ ಅಧ್ಯಕ್ಷನಾದ ಮಾಡರೇಟರನ ಅಧಿಕಾರವೂ ತಾತ್ಕಾಲಿಕವಾದುದು. ಸಮಾನತೆಯನ್ನು ಹೀಗೆ ತತ್ತ್ವವಾಗಿ ಅಂಗೀಕರಿಸಿದ ಸಭೆಯು ತನ್ನ ಸೇವಕರನ್ನು ಯಾವ ಬಗೆಯಲ್ಲಿ ಸ್ಮರಿಸಿತು, ಸ್ಮರಣೆಯ ಬರಹದಲ್ಲಿ ಆ ತತ್ತ್ವವು ಎಷ್ಟರಮಟ್ಟಿಗೆ ಉಳಿಯಿತು ಎಂಬ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದ ಕೆಲವು ಗ್ರಂಥಗಳ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇವುಗಳಲ್ಲಿ ಮೊದಲನೆಯದು ಫೈಫ್ ಪ್ರಾಂತದ ಸಭಾಪಾಲಕ ಹ್ಯೂ ಸ್ಕಾಟ್ ಸಂಕಲಿಸಿದ 'ಫಾಸ್ತಿ ಎಕ್ಲೇಸಿಯೇ ಸ್ಕೋಟಿಕಾನೇ'. 1866ರಿಂದ 1871ರವರೆಗೆ ಪ್ರಕಟವಾದ ಈ ಗ್ರಂಥದ ಪರಿಷ್ಕೃತ ಆವೃತ್ತಿ 1915ರಿಂದ ಹೊರಬರತೊಡಗಿತು. ಮತಸುಧಾರಣೆಯ ಕಾಲದಿಂದ ಸ್ಕಾಟ್ಲೆಂಡಿನ ಪ್ರತಿಯೊಂದು ಪ್ಯಾರಿಷ್‌ನಲ್ಲಿ ಸೇವೆ ಸಲ್ಲಿಸಿದ ಸಭಾಪಾಲಕರ ಅನುಕ್ರಮವನ್ನು ಇದು ನೀಡುತ್ತದೆ. ಜನನ, ವಿದ್ಯಾಭ್ಯಾಸ, ದೀಕ್ಷೆ, ವರ್ಗಾವಣೆ, ವಿವಾಹ, ಸಂತಾನ, ಪ್ರಕಟಿತ ಕೃತಿಗಳು, ಮರಣ ಮುಂತಾದವು ಇಲ್ಲಿನ ವಿವರಗಳು. ಪದಚ್ಯುತರಾದವರ ಹೆಸರುಗಳನ್ನೂ ಕೈಬಿಟ್ಟಿಲ್ಲ. ಗ್ರಂಥದ ಜೋಡಣೆ ವ್ಯಕ್ತಿಯ ಕೀರ್ತಿಯನ್ನಾಗಲಿ ಪಾಂಡಿತ್ಯವನ್ನಾಗಲಿ ಅನುಸರಿಸಿಲ್ಲ; ಸಿನಡ್, ಪ್ರೆಸ್ಬಿಟರಿ, ಪ್ಯಾರಿಷ್ ಎಂಬ ಕ್ರಮವನ್ನು ಅನುಸರಿಸಿದೆ. ಹೆಸರಾಂತ ಪ್ರವಚನಕಾರನೂ ಮೂಲೆಯ ದ್ವೀಪವೊಂದರಲ್ಲಿ ಆಯುಷ್ಯ ಸವೆಸಿದವನೂ ತಮ್ಮ ತಮ್ಮ ಪ್ಯಾರಿಷ್‌ನ ಸಾಲಿನಲ್ಲಿಯೇ ನಿಲ್ಲುತ್ತಾರೆ. ಆದ್ದರಿಂದ ಇದನ್ನು ಕೇವಲ ಆಕರಗ್ರಂಥವೆಂದು ಭಾವಿಸುವುದು ಸಾಲದು. ಸಭೆಯ ಸಮಾನತಾತತ್ತ್ವವು ಇಲ್ಲಿ ಗ್ರಂಥರಚನೆಯ ಕ್ರಮವಾಗಿಯೇ ಮೈದಾಳಿದೆ. ಶಾಸನಗಳ ಗುರುಪರಂಪರೆಗಳನ್ನು ಓದಿ ಬಲ್ಲ ಕನ್ನಡದ ಸಂಶೋಧಕರಿಗೆ ಇಂತಹ ಪಟ್ಟಿಗಳ ಮೌನಗೌರವ ಅಪರಿಚಿತವೇನಲ್ಲ.

ಆದರೆ ಈ ಸಮಾನತೆಗೂ ಮಿತಿಯಿದೆ. ಪತ್ನಿಯ ಹೆಸರು, ವಿವಾಹದ ದಿನಾಂಕ ಇಲ್ಲಿ ಸಿಗುತ್ತವೆ. ಸಭಾಪಾಲಕನ ಮನೆಯನ್ನು ಊರಿನ ಆಶ್ರಯತಾಣವಾಗಿಸಿದ ಆಕೆಯ ದುಡಿಮೆ ಸಿಗುವುದಿಲ್ಲ. ಸೇವೆಯ ಅವಧಿ ತಿಳಿಯುತ್ತದೆ. ಸೇವೆಯ ಸ್ವರೂಪ ತಿಳಿಯುವುದಿಲ್ಲ.

ಈ ಕೊರತೆಯನ್ನು ತುಂಬಿದ ಬರಹಗಳಿಗೆ ಪ್ರೇರಣೆಯಾದುದು 1843ರ ವಿಭಜನೆ. ಸಭಾಪಾಲಕನನ್ನು ನೇಮಿಸುವಲ್ಲಿ ಭೂಮಾಲೀಕರಿಗಿದ್ದ ಹಕ್ಕನ್ನೂ ಅದನ್ನು ಎತ್ತಿಹಿಡಿದ ನ್ಯಾಯಾಲಯಗಳ ಹಸ್ತಕ್ಷೇಪವನ್ನೂ ವಿರೋಧಿಸಿ, ಆ ವರ್ಷದ ಮೇ 18ರಂದು ಎಡಿನ್‌ಬರೋದ ಮಹಾಸಭೆಯಿಂದ ಒಂದು ಗುಂಪು ಹೊರನಡೆಯಿತು. ಒಟ್ಟು 450ಕ್ಕೂ ಹೆಚ್ಚು ಸಭಾಪಾಲಕರು ವೇತನವನ್ನೂ ವಾಸದ ಮನೆಯನ್ನೂ ತೊರೆದು ಫ್ರೀ ಚರ್ಚನ್ನು ಸ್ಥಾಪಿಸಿದರು. ಅವರ ಅನುಭವಗಳನ್ನು ಥಾಮಸ್ ಬ್ರೌನ್ 'ಆನಲ್ಸ್ ಆಫ್ ದಿ ಡಿಸ್ರಪ್ಷನ್' ಎಂಬ ಗ್ರಂಥದಲ್ಲಿ ಸಂಗ್ರಹಿಸಿದರು. ಚಿತ್ರಕಾರ ಡೇವಿಡ್ ಆಕ್ಟೇವಿಯಸ್ ಹಿಲ್ ಆ ಘಟನೆಯನ್ನು ಬೃಹತ್ ಚಿತ್ರವಾಗಿಸಲು ತೊಡಗಿ, ಛಾಯಾಚಿತ್ರಗಳ ನೆರವಿನಿಂದ 1866ರಲ್ಲಿ ಅದನ್ನು ಪೂರ್ಣಗೊಳಿಸಿದರು. ಸ್ಮರಣೆಯ ಕೇಂದ್ರವು ಇಲ್ಲಿಂದ ಮುಂದೆ ಪ್ಯಾರಿಷ್‌ನಿಂದ ತ್ಯಾಗದ ಕಥನಕ್ಕೆ ಸರಿಯಿತೆನ್ನಬಹುದು. ತ್ಯಾಗದ ಕಥನವು ನಾಯಕನನ್ನು ಬೇಡುತ್ತದೆ.

ಅಂತಹ ನಾಯಕರಲ್ಲಿ ಅಲೆಕ್ಸಾಂಡರ್ ಡಫ್ (1806–1878) ಪ್ರಮುಖರು. 1830ರಲ್ಲಿ ಕಲ್ಕತ್ತೆಗೆ ಬರುವ ದಾರಿಯಲ್ಲಿ ಹಡಗು ಒಡೆದು ತಮ್ಮ ಗ್ರಂಥಸಂಗ್ರಹವನ್ನು ಕಳೆದುಕೊಂಡ ಇವರು, ರಾಮಮೋಹನ ರಾಯರ ನೆರವಿನಿಂದ ಅದೇ ವರ್ಷ ಶಾಲೆಯೊಂದನ್ನು ತೆರೆದರು. 1843ರಲ್ಲಿ ಫ್ರೀ ಚರ್ಚನ್ನು ಸೇರಿದಾಗ ತಾವು ಬೆಳೆಸಿದ ಆ ಸಂಸ್ಥೆಯ ಕಟ್ಟಡವನ್ನು ಬಿಟ್ಟುಕೊಟ್ಟು ಮತ್ತೊಂದು ಸಂಸ್ಥೆಯನ್ನು ಆರಂಭಿಸಬೇಕಾಯಿತು. ಡಫ್ ನಿಧನರಾದ ಮರುವರ್ಷ, ಅಂದರೆ 1879ರಲ್ಲಿ, ಅವರನ್ನು ಕುರಿತ ಎರಡು ಕೃತಿಗಳು ಹೊರಬಂದವು. ಒಂದು ಜಾರ್ಜ್ ಸ್ಮಿತ್ ಬರೆದ ಎರಡು ಸಂಪುಟಗಳ ಜೀವನಚರಿತ್ರೆ. ಇನ್ನೊಂದು ಶಿಷ್ಯ ಲಾಲ್ ಬೆಹಾರಿ ಡೇ ಬರೆದ ನೆನಪುಗಳು.

ಸ್ಮಿತ್ 'ಫ್ರೆಂಡ್ ಆಫ್ ಇಂಡಿಯಾ' ಪತ್ರಿಕೆಯ ಸಂಪಾದಕರಾಗಿದ್ದವರು. ಮುಂಬಯಿಯ ಜಾನ್ ವಿಲ್ಸನ್, ನಾಗಪುರದ ಸ್ಟೀಫನ್ ಹಿಸ್ಲಾಪ್ ಅವರ ಜೀವನಚರಿತ್ರೆಗಳನ್ನೂ ರಚಿಸಿದವರು. ಅವರ ಗ್ರಂಥದ ಸಾಮಗ್ರಿ ವಿಪುಲವಾಗಿದೆ, ನಿರೂಪಣೆ ಸಮರ್ಥವಾಗಿದೆ. ಆದರೆ ಅಲ್ಲಿ ಇತಿಹಾಸವು ನಾಯಕನ ಸುತ್ತ ಚಲಿಸುತ್ತದೆ. ಬಂಗಾಳದ ವಿದ್ಯಾರ್ಥಿಗಳು ಬಹುಮಟ್ಟಿಗೆ ಡಫ್ ಅವರ ಸೇವೆಯ ಫಲಗಳಾಗಿಯೇ ಕಾಣಿಸಿಕೊಳ್ಳುತ್ತಾರೆ.

ಡೇ ಅವರ ಕೃತಿ ಗಾತ್ರದಲ್ಲಿ ಚಿಕ್ಕದು. ಅದರ ಶೀರ್ಷಿಕೆಯಲ್ಲಿಯೇ ಡಫ್ ಅವರ ಹೆಸರಿನ ಜೊತೆಗೆ ಅವರು ಸ್ಥಾಪಿಸಿದ ಕಾಲೇಜಿನ ಉಲ್ಲೇಖವೂ ಇರುವುದು ಗಮನಾರ್ಹ. ಬರ್ದ್ವಾನ್ ಸಮೀಪದ ಹಳ್ಳಿಯಿಂದ ಇಂಗ್ಲಿಷ್ ವಿದ್ಯೆಗಾಗಿ ಕಲ್ಕತ್ತೆಗೆ ಬಂದ ಬಡ ಬಾಲಕನ ಕಣ್ಣಿಗೆ ಗುರು ಕಂಡ ಬಗೆ ಇಲ್ಲಿದೆ. ಸ್ಮಿತ್ ಅವರಲ್ಲಿ ಸಾಧನೆಯಾಗಿ ಬರುವ ಶಿಕ್ಷಣವು ಇಲ್ಲಿ ತರಗತಿಯ ದಿನನಿತ್ಯದ ಅನುಭವವಾಗುತ್ತದೆ. ಸ್ಮರಿಸುವವನು ತಾನೂ ಆ ಸೇವೆಯ ಪಾಲುದಾರನೆಂಬ ಅರಿವು ಕೃತಿಯ ಉದ್ದಕ್ಕೂ ಹರಿದಿದೆ.

ಈ ಅರಿವಿನ ಹಿಂದೆ ಒಂದು ಗಂಭೀರ ವಿವಾದವಿದೆ. 1843ರಲ್ಲಿ ದೀಕ್ಷಾಸ್ನಾನ ಪಡೆದು 1855ರಲ್ಲಿ ಸಭಾಪಾಲಕರಾಗಿ ಅಭಿಷಿಕ್ತರಾದ ಡೇ, ಮಿಷನ್ನಿನ ಆಡಳಿತದಲ್ಲಿ ಭಾರತೀಯ ಸಭಾಪಾಲಕರಿಗೂ ಯುರೋಪಿಯನ್ ಮಿಷನರಿಗಳಿಗೆ ಸಮನಾದ ಸ್ಥಾನವಿರಬೇಕೆಂದು ವಾದಿಸಿದರು. ಈ ವಿಷಯದಲ್ಲಿ ಗುರುವಿನೊಂದಿಗೇ ಅವರಿಗೆ ಭಿನ್ನಾಭಿಪ್ರಾಯವುಂಟಾಯಿತು. 1867ರಲ್ಲಿ ಅವರು ಸರ್ಕಾರಿ ಶಿಕ್ಷಣ ಇಲಾಖೆಯನ್ನು ಸೇರಿದರು. ಡೇ ಕೇಳಿದ್ದು ಹೊಸ ಹಕ್ಕನ್ನಲ್ಲ, ಪ್ರೆಸ್ಬಿಟೇರಿಯನ್ ಸಭೆಯ ಮೂಲತತ್ತ್ವವನ್ನೇ. ಸ್ಕಾಟ್ಲೆಂಡಿನಲ್ಲಿ ಭೂಮಾಲೀಕನ ಅಧಿಕಾರವನ್ನು ಧಿಕ್ಕರಿಸಿ ಹೊರಬಂದ ಸಭೆಯು ಕಲ್ಕತ್ತೆಯಲ್ಲಿ ತನ್ನವರ ನಡುವೆಯೇ ತಾರತಮ್ಯವನ್ನು ಉಳಿಸಿಕೊಂಡಿತ್ತು. ಈ ಹಿನ್ನೆಲೆಯನ್ನು ಬಲ್ಲವರಿಗೆ 1879ರ ನೆನಪುಗಳು ಬರಿಯ ಗುರುಸ್ತುತಿಯಾಗಿ ತೋರುವುದಿಲ್ಲ. ವಾದಿಸಿದ ಗುರುವನ್ನೇ ಗೌರವದಿಂದ ನೆನೆಯುವಲ್ಲಿ ಆ ಕೃತಿಯ ನೈತಿಕ ಘನತೆಯಿದೆ.

ಕರ್ನಾಟಕಕ್ಕೂ ಈ ಚರಿತ್ರೆಯೊಡನೆ ನಂಟಿದೆ. 1831ರಲ್ಲಿ ಬೆಳಗಾವಿಯಲ್ಲಿ ಜನಿಸಿದ ಬಾಬಾ ಪದ್ಮನ್‌ಜಿ ಮುಂದೆ ಪುಣೆಯಲ್ಲಿ ಫ್ರೀ ಚರ್ಚಿನ ಸಭಾಪಾಲಕರಾದರು. ಅವರು ಮರಾಠಿಯಲ್ಲಿ ಬರೆದ 'ಅರುಣೋದಯ' ಎಂಬ ಆತ್ಮಚರಿತ್ರೆಯಲ್ಲಿ ಸಭಾಪಾಲಕನು ಅನ್ಯರ ಸ್ಮರಣೆಗೆ ಕಾಯದೆ ತಾನೇ ಮಾತಾಡುತ್ತಾನೆ. ಆದರೂ 1857ರ 'ಯಮುನಾಪರ್ಯಟನ'ದ ಕರ್ತೃವೆಂದು ಅವರಿಗೆ ದೊರೆತ ಮನ್ನಣೆ ಸಭಾಪಾಲಕರಾಗಿ ದೊರೆತಿಲ್ಲ. ಪ್ರೆಸ್ಬಿಟೇರಿಯನ್ನರಲ್ಲದ ಬಾಸೆಲ್ ಮಿಷನ್ನಿನ ಮೋಗ್ಲಿಂಗ್, ಕಿಟೆಲ್ ಅವರನ್ನು ಕುರಿತ ನಮ್ಮ ಸ್ಮರಣೆಯೂ ಇದೇ ಬಗೆಯದು. ಪತ್ರಿಕೆ, ನಿಘಂಟುಗಳ ಆಚೆಗೆ ಅದು ಚಾಚಿದ್ದು ಕಡಿಮೆ.

ಸ್ಕಾಟರ ದಾಖಲೆಯಲ್ಲಿ ನ್ಯಾಯವಿದೆ, ಜೀವವಿಲ್ಲ. ಸ್ಮಿತ್ ಅವರ ಚರಿತ್ರೆಯಲ್ಲಿ ಜೀವವಿದೆ, ಸಮಾನತೆಯಿಲ್ಲ. ಸೇವೆ ಪಡೆದವನೇ ಸೇವಕನೂ ಆಗಿ ಬರೆದಾಗ ಇವೆರಡೂ ಕೂಡಿಬರಬಹುದೆಂಬುದಕ್ಕೆ ಡೇ ಅವರ ಕೃತಿ ನಿದರ್ಶನ. ಸಭಾಪಾಲಕರ ಚರಿತ್ರೆಯನ್ನು ಬರೆಯುವವರು ಮಿಷನ್ ವರದಿಗಳಷ್ಟೇ ಗಮನದಿಂದ ಶಿಷ್ಯರ, ಸಭಿಕರ ಬರಹಗಳನ್ನೂ ಆಕರವಾಗಿ ಪರಿಗಣಿಸಬೇಕಾದುದು ಈ ಕಾರಣದಿಂದ.