ಅರಸನ ಮಾತು ಬರೆದವರ ಹೆಸರು

ಸಿರುಗುಪ್ಪ ತಾಲ್ಲೂಕಿನ ಕರೂರಿನಂಥ ಊರುಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಇಟ್ಟ ಹೆಸರು ಆಮೇಲೆ. ಧಾರವಾಡದ ಕಡೆ ಅಡ್ಡಹೆಸರಿಗೆ ಕೊನೆಯ ಜಾಗ. ಬಳ್ಳಾರಿ ಸೀಮೆಯಲ್ಲಿ ತೆಲುಗು ನೆರೆಯ ರೂಢಿಯಂತೆ ಅದಕ್ಕೇ ಮೊದಲ ಮಣೆ. ಆ ಮಣೆಯ ಮೇಲೆ ಕೂತ ಹೆಸರುಗಳಲ್ಲಿ ನನಗೆ ಬಲು ರುಚಿಸುವುದು ‘ರಾಯಸಂ’.

ಊರಿನ ಲೆಕ್ಕ ಬರೆದವರು ಕರಣಂ. ಅರಸನ ಮಾತು ಬರೆದವರು ರಾಯಸಂ. ರಾಯಸವೆಂದರೆ ಆಜ್ಞೆಯ ಓಲೆ. ಅದನ್ನು ಬರೆಯುವ ಅಧಿಕಾರಿಗೂ ಅದೇ ಹೆಸರು ಅಂಟಿತು. ಕೊನೆಯ ಸೊನ್ನೆ ಮಾತ್ರ ತೆಲುಗಿನ ಉಡುಗೊರೆ. 1535ರ ಸುಮಾರಿಗೆ ವಿಜಯನಗರವನ್ನು ಕುರಿತು ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಈ ಕೆಲಸದ ಸೊಗಸಾದ ಚಿತ್ರ ಕೊಟ್ಟಿದ್ದಾನೆ. ರಾಯ ಆಡಿದ್ದನ್ನು ಪಕ್ಕದಲ್ಲಿದ್ದ ಲಿಪಿಕಾರರು ಬರೆದುಕೊಳ್ಳುವರು. ಕೊಡುಗೆ ಪಡೆದವನ ಕೈಗೆ ಬರುವುದು ಅರಗಿನ ಮೇಲೊತ್ತಿದ ಉಂಗುರದ ಮುದ್ರೆಯಷ್ಟೇ. ಏನು ಕೊಟ್ಟದ್ದೆಂಬ ವಿವರವೆಲ್ಲ ಲಿಪಿಕಾರರ ಪುಸ್ತಕದಲ್ಲಿ. ಅಂದರೆ ರಾಜ್ಯದ ನೆನಪು ಇವರ ಬಳಿ ಇತ್ತು. ಅಂಥವರ ತೂಕ ಸಣ್ಣದಲ್ಲ: ಕೃಷ್ಣದೇವರಾಯನ ರಾಯಸಂ ಕೊಂಡಮರಸಯ್ಯನಿಗೆ ಉದಯಗಿರಿಯ ಆಡಳಿತವೂ ಸೇರಿತ್ತು.

1565ರ ಯುದ್ಧದ ಬಳಿಕ ಹಂಪೆಯ ಆಸ್ಥಾನ ಚದುರಿತು. ಆದರೆ ಕಾಲ ಉರುಳಿದರೂ ರಾಯಸಂ ಎಂಬ ಹುದ್ದೆ ಮನೆಯ ಹೆಸರಾಗಿ ನಿಂತಿತು. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್ ಕನ್ನಡಿಗರಿಗೆಲ್ಲ ಹಾಸ್ಯಲೇಖಕ ಬೀಚಿಯಾಗಿ ಗೊತ್ತು. ದೊರೆಯ ಮಾತನ್ನು ಅಕ್ಷರ ತಪ್ಪದೆ ಇಳಿಸಬೇಕಾದ ಹುದ್ದೆಯ ಹೆಸರು, ಯಾರ ಮಾತನ್ನೂ ತಿರುವಿ ಹಾಕದೆ ಬಿಡದ ತಿಮ್ಮನೆಂಬ ಪಾತ್ರದ ಜನಕನಿಗೆ! ಆತ್ಮಕಥೆಯನ್ನೇ ‘ನನ್ನ ಭಯಾಗ್ರಫಿ’ ಎಂದು ಕರೆದವರಿಗೆ ಈ ವಿನೋದ ಹೊಳೆಯದೆ ಇದ್ದೀತೆ?

ಹೆಸರಿನೊಳಗೆ ಹಳೆಯ ಸಂಗತಿ ಅಡಗಿ ಕೂರುವ ಇಂಥ ಸ್ವಾರಸ್ಯ ವೇಲ್ಸ್ ನಾಡಿನಲ್ಲೂ ಇದೆ. ಅಲ್ಲಿ ‘ಆಪ್’ ಎಂದರೆ ಮಗ. ‘ಆಪ್ ಹವೆಲ್’ ಕೂಡಿ ಪೊವೆಲ್ ಆಯಿತು, ‘ಆಪ್ ರೀಸ್’ ಪ್ರೈಸ್ ಆಯಿತು. ತಂದೆ-ಮಗನ ಸಂಬಂಧವೆಲ್ಲ ಮುಂದಿನ ಒಂದು ‘ಪ’ಕಾರದಲ್ಲಿ ಅಡಗಿತು.

ನಮ್ಮಲ್ಲಿ ಅಡಗಿಸುವ ಕೆಲಸ ಇನಿಷಿಯಲ್‌ನದು. ಶಾಲೆಯ ದಾಖಲೆಯಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ರಾಯಸಂ ಬರೀ ‘ಆರ್.’ ಆಗುತ್ತದೆ, ಕರಣಂ ಬರೀ ‘ಕೆ.’ ಕರೂರು ಎಂಬ ಊರೂ ಅದೇ ‘ಕೆ.’ ಬಳ್ಳಾರಿ ಕಡೆಯವರು ಯಾರಾದರೂ ಹೆಸರು ಹೇಳಿದರೆ ಆ ಒಂಟಿ ಅಕ್ಷರವನ್ನು ಬಿಡಿಸಿ ಹೇಳಿರೆಂದು ಕೇಳಿ. ಅರ್ಧ ಗಂಟೆಯ ಮಾತಿಗೆ ಮೋಸವಿಲ್ಲ.